ಹದಿನಾಲ್ಕನೇ ಕೋಣೆ

ಗೋಡೆಗೂ ಕಿವಿಯಿದೆ ಅನ್ನುತ್ತಾರೆ.
ನಮ್ಮ ಶಾಲೆಯ ಗೋಡೆಗೆ ಶ್ವಾಸಕೋಶವಿತ್ತು.
ನಲವತ್ತು ಚಳಿಗಾಲ ಒಳಗೆಳೆದುಕೊಂಡ ತೇವವನ್ನು
ಮೆಲ್ಲಗೆ, ಮಕ್ಕಳ ಮೂಗಿನೆದುರು, ಬಿಡುತ್ತಿತ್ತು.

ನಾನು ಇಲ್ಲಿಯ ನರ್ಸ್.
ಮಂಗಳವಾರ, ಗುರುವಾರ ಕಾಯಾನಿಯಿಂದ ಬಸ್ಸು ಹಿಡಿದು ಬರುವವಳು.
ಒಂದು ಮಂಚ, ಒಂದು ತಕ್ಕಡಿ, ಎತ್ತರ ಅಳೆಯುವ ಕೋಲು,
ನೀಲಿ ರಟ್ಟಿನದೊಂದು ನೋಟುಬುಕ್ಕು.

ತಲೆನೋವು, ಎಂದು ಬರೆದೆ ಮೊದಲು.
ತಲೆನೋವು. ಮೂಗಿನಲ್ಲಿ ರಕ್ತ.
ಕಣ್ಣುರಿ. ತಲೆನೋವು. ದನಿ ಬಿದ್ದುಹೋಗಿದೆ.
ಗುಣಾಕಾರದ ಪರೀಕ್ಷೆಯ ದಿನವೇ ಓತ್ಸೊ ಬಂದ.
ತಲೆನೋವು, ಎಂದು ಬರೆದು
'ನೆಪವಿರಬಹುದು' ಎಂದು ಸೇರಿಸಿದೆ.
ನೀರು ಕುಡಿಸಿ, ನಕ್ಕು, ವಾಪಸು ಕಳಿಸಿದೆ.

ಹೆಸರಿನ ಪಕ್ಕ ಕೋಣೆಯ ಸಂಖ್ಯೆ ಬರೆ ಎಂದು
ಯಾರೂ ಹೇಳಿರಲಿಲ್ಲ.
ನವೆಂಬರಿನ ಒಂದು ಮಧ್ಯಾಹ್ನ, ಮೂರಕ್ಕೇ ಕತ್ತಲಾದಾಗ,
ಬೇಸರಕ್ಕೆ ಶುರುಮಾಡಿದೆ.
ಹದಿನಾಲ್ಕು. ಹದಿನಾಲ್ಕು. ಒಂಬತ್ತು. ಹದಿನಾಲ್ಕು.
ಮಂಗಳವಾರ ನಾಲ್ವರು, ಗುರುವಾರ ಹನ್ನೊಂದು.
ಸ್ಕೀ ರಜೆ ಮುಗಿದ ಮರುದಿನ
ಮಂಚ ಖಾಲಿ.

ಕಾವಲಿನ ವೈನೊ ಒಂದು ಸಂಜೆ ನನ್ನನ್ನು ಕರೆದೊಯ್ದ.
'ಹಿಮ ಬೀಳುವ ಊರಲ್ಲಿ ಸಪಾಟು ಚಾವಣಿ!
ಯಾವ ಮಹಾನುಭಾವ ಗೀಚಿದನೋ' ಎನ್ನುತ್ತ
ಗೋಡೆಯಡಿಯ ಹಲಗೆಗೆ ಚಾಕು ತೂರಿಸಿ ಎಬ್ಬಿಸಿದ.
ಹಿಂದೆ ಬೂಷ್ಟು, ಕಪ್ಪಗೆ, ತುಪ್ಪಳದ ಹಾಗೆ,
ಸಾಕಿದ ಪ್ರಾಣಿಯೊಂದು ಮಲಗಿದ್ದಂತೆ.
ಆ ಮುಗ್ಗಲು ವಾಸನೆ ನನಗೆ ಹೊಸದಲ್ಲ.
ದಿನಾ ಮಕ್ಕಳ ಸ್ವೆಟರಿನಲ್ಲಿ ಬರುತ್ತಿತ್ತು.

ನಗರಸಭೆಯವರು ಪೆಟ್ಟಿಗೆಯೊಂದನ್ನು ತಂದಿಟ್ಟರು.
ವಾರವಿಡೀ ಅದು ಉಸಿರಾಡಿ ನೋಡಿತು.
'ಮಿತಿಯೊಳಗಿದೆ' ಎಂದು ಕಾಗದ ಬಂತು.
ಪೆಟ್ಟಿಗೆಗೆ ಏಳು ವರ್ಷವಾಗಿರಲಿಲ್ಲ.
ಅದಕ್ಕೆ ಓದು ಕಲಿಯುವ ಕೆಲಸವೂ ಇರಲಿಲ್ಲ.

ಪಿಹ್ಲಾಗೆ ಇತ್ತು.
ನಮ್ಮ ಭಾಷೆಯ ಪದಗಳು ಉದ್ದ, ಗೂಡ್ಸ್ ರೈಲಿನ ಹಾಗೆ;
ಉಸಿರು ನಡುವೆ ತುಂಡಾದರೆ
ಹಿಂದಿನ ಬೋಗಿಗಳು ನಿಲ್ದಾಣದಲ್ಲೇ ಉಳಿಯುತ್ತವೆ.
ಪಿಹ್ಲಾ ನಿಲ್ಲುತ್ತಿದ್ದಳು, ಕೆಮ್ಮುತ್ತಿದ್ದಳು,
ಎಲ್ಲಿದ್ದೆನೆಂದು ಬೆರಳಲ್ಲಿ ಹುಡುಕುತ್ತಿದ್ದಳು.
'ಓದಿನಲ್ಲಿ ಹಿಂದೆ' ಎಂದಿತು ಅವಳ ವರದಿ.
ಬರೆದ ಕೌಕೊ ಮೇಷ್ಟ್ರಿಗೂ ದನಿ ಹೋಗಿತ್ತು;
ಬೈಯುವುದಾದರೆ ಹಲಗೆಯ ಮೇಲೆ ಬರೆದು ಬೈಯುತ್ತಿದ್ದರು,
ಮಕ್ಕಳು ಅದರ ಕಾಗುಣಿತ ತಿದ್ದುತ್ತಿದ್ದರು.

ಮೂರನೇ ವರ್ಷ, ತಾಯಂದಿರು ಮಕ್ಕಳನ್ನು ಕಳಿಸದೆ ಕೂತ ಮೇಲೆ,
ಲಾರಿಗಳು ಬಂದು ಆಟದ ಬಯಲಲ್ಲಿ
ಆರು ತಗಡಿನ ಡಬ್ಬಿ ಇಳಿಸಿದವು.
ಬಟ್ಟೆ, ಕಾಗದ ಒಂದೂ ಆಚೆ ಬರಕೂಡದು, ಎಂದರು.
ಭೂಪಟ ಉಳಿಯಿತು, ಕಥೆಪುಸ್ತಕಗಳು ಉಳಿದವು,
ಒಂದನೇ ತರಗತಿಯ ಒಂಟಿಕಣ್ಣಿನ ಕರಡಿ ಉಳಿಯಿತು.
ಕೋಟು ಬಿಚ್ಚುತ್ತ ಇಕ್ರಾನ್ ಕೇಳಿದಳು:
'ನಮ್ಮನ್ನು ತೊಳೆದರೆ ಸಾಕಾ?'

ನನ್ನ ನೋಟುಬುಕ್ಕೂ ಕಾಗದವೇ.
ಮೂಸಿ ನೋಡಿದೆ. ಹೌದು, ಅದೇ.

ಹೊಸ ಶಾಲೆಯ ಕಬ್ಬಿಣದ ಮೆಟ್ಟಿಲ ಮೇಲೆ,
ಶೂನ್ಯದ ಕೆಳಗೆ ಹದಿನೆಂಟು ಡಿಗ್ರಿಯಲ್ಲಿ,
ಪೆನ್ನು ಹೆಪ್ಪುಗಟ್ಟಿ, ಪೆನ್ಸಿಲಿನಲ್ಲಿ ನಕಲು ಮಾಡುತ್ತಿದ್ದೇನೆ.
ಪುಟ ತಿರುವಿದಾಗೆಲ್ಲ ಕೆಮ್ಮು.
ಒಳಗೆ ಪಿಹ್ಲಾ ಓದುತ್ತಿದ್ದಾಳೆ.
ಪವಾಡವೇನಿಲ್ಲ, ಈಗಲೂ ನಿಲ್ಲುತ್ತಾಳೆ;
ಉಸಿರಿಗೆ ನಿಲ್ಲುವುದು, ಗೊತ್ತಿಲ್ಲದ ಪದಕ್ಕೆ ನಿಲ್ಲುವುದು,
ಎರಡರ ಸದ್ದು ಬೇರೆ.
ಕಳೆದ ಎರಡು ವರ್ಷ ಯಾವ ಡಬ್ಬಿಯಲ್ಲೂ ಬರಲಿಲ್ಲ.

ಓತ್ಸೊನ ಸಾಲು ಬಂತು.
ತಲೆನೋವು. ನೆಪವಿರಬಹುದು.
ಬಿಟ್ಟುಬಿಡಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ.
ಇದ್ದದ್ದು ಇದ್ದ ಹಾಗೆ ಇಳಿಸಿದೆ.
ಆಮೇಲೆ, ಅಂದು ಬರೆಯದೆ ಹೋದದ್ದನ್ನು,
ಪಕ್ಕದಲ್ಲಿ ಒತ್ತಿ ಬರೆದೆ:
ಹದಿನಾಲ್ಕು.